23ನೇ ಸೆಕೆಂಡಲ್ಲಿ ಸಿಕ್ಕಿಬಿದ್ದ ಅಕ್ಕ

1/8
ಹೋದ ಮಳೆಗಾಲದಲ್ಲಿ ಈ ಪೇಜ್‌ನಲ್ಲಿ ಹಾಕಿದ್ದ ಕಸದ ರೀಲ್ ನಿಮ್ಮಲ್ಲಿ ಸುಮಾರು ಜನಕ್ಕೆ ನೆನಪಿರುತ್ತೆ. ಕಾಲೇಜಿನ ಹಿಂದಿನ ಕಾಂಪೌಂಡ್ ಮೂಲೆ. ಸೊಂಟದೆತ್ತರ ಕಸ, ಕವರ್ ಕಿತ್ತು ಎಳೀತಿರೋ ನಾಯಿ, ರಸ್ತೆಗೆ ಹರಿದು ಬರ್ತಿರೋ ಕಪ್ಪು ನೀರು, ಹಿಂದೆ ಅಳೋ ಥರದ ಒಂದು ಕೊಳಲು. ಒಟ್ಟು 41 ಸೆಕೆಂಡು. ಐದು ಜನ ಸೇರಿ ಮಾಡಿದ್ದು, ಎಡಿಟಿಂಗ್ ನಂದು.

68 ಸಾವಿರ ವ್ಯೂಸ್ ಬಂತು. ಊರಿನ ಸುದ್ದಿ ಹಾಕೋ ಎರಡು ಪೇಜ್‌ನವರು ಎತ್ತಿ ಹಾಕಿಕೊಂಡ್ರು. ಮೂರನೇ ದಿನ ಬೆಳಿಗ್ಗೆ ಜೆಸಿಬಿ ಬಂತು, ಕಸ ಎತ್ತಿ, ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋಯ್ತು. ಅದನ್ನೂ ಫೋಟೋ ತೆಗೆದು ‘ಮೊದಲು, ಆಮೇಲೆ’ ಅಂತ ಹಾಕಿದ್ವಿ. ಕಾಮೆಂಟ್ ತುಂಬಾ ಬೆಂಕಿ, ಚಪ್ಪಾಳೆ. ಕ್ಲಾಸಲ್ಲಿ ಮೇಡಂ ನಮ್ಮನ್ನ ಎದ್ದು ನಿಲ್ಲಿಸಿ ಹೊಗಳಿದ್ರು. ಮಾಧ್ಯಮದ ಶಕ್ತಿ ಅಂದ್ರೆ ಇದು ಅಂದ್ರು. ಆ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗೂ ಅದನ್ನೇ ಕೊಟ್ಟು ಮಾರ್ಕ್ಸ್ ತಗೊಂಡ್ವಿ, ಸುಳ್ಳು ಯಾಕೆ ಹೇಳ್ಲಿ.

ಈ ಸರಣಿ ಆ ರೀಲ್‌ನ 23ನೇ ಸೆಕೆಂಡಿನ ಬಗ್ಗೆ. ಸ್ವಲ್ಪ ಉದ್ದ ಇದೆ. ಸೇವ್ ಮಾಡಿಟ್ಟು ಆಮೇಲೆ ಓದಿದ್ರೂ ಬೇಜಾರಿಲ್ಲ.

2/8
23ನೇ ಸೆಕೆಂಡಲ್ಲಿ ಒಬ್ಬ ಪೌರಕಾರ್ಮಿಕ ಅಕ್ಕ ಬರ್ತಾರೆ. ಕಾಂಪೌಂಡ್ ನೆರಳಲ್ಲಿ ಕಲ್ಲಿನ ಮೇಲೆ ಕೂತು, ಡಬ್ಬಿ ತೆಗೆದು ಚಿತ್ರಾನ್ನ ತಿಂತಿದ್ದಾರೆ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಪೊರಕೆ. ಮೂರೇ ಸೆಕೆಂಡಿನ ಶಾಟು. ನಾನು ಅದನ್ನ ಸ್ಲೋ ಮೋಷನ್ ಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ ‘ಕೆಲಸ ಮಾಡಬೇಕಾದವರು ಎಲ್ಲಿ?’ ಅಂತ ಬರೆದೆ. ಮುಖ ಬ್ಲರ್ ಮಾಡೋ ಯೋಚನೆನೂ ಬರಲಿಲ್ಲ. ನಾಯಿ, ಕಸ, ಅಕ್ಕ, ನನ್ನ ಟೈಮ್‌ಲೈನ್‌ನಲ್ಲಿ ಮೂರೂ ಒಂದೊಂದು ಕ್ಲಿಪ್ಪು ಅಷ್ಟೇ.

ಹತ್ತು ದಿನ ಆದ್ಮೇಲೆ ಗೇಟ್ ಎದುರಿನ ಟೀ ಅಂಗಡಿ ಅಣ್ಣ, ಲೋಟ ಕೊಡ್ತಾ ಕೊಡ್ತಾ, ‘ನಿಮ್ ವಿಡಿಯೋ ಆದ್ಮೇಲೆ ಆಯಮ್ಮನ್ನ ಮಾರ್ಕೆಟ್ ಕಡೆ ಹಾಕಿದ್ರಂತೆ’ ಅಂದ್ರು. ಎರಡು ದಿನ ಹಾಜರಿನೂ ಕೊಟ್ಟಿಲ್ವಂತೆ. ನಾವು ಮುಖ ಮುಖ ನೋಡ್ಕೊಂಡ್ವಿ. ಒಬ್ಬ ‘ಅದಕ್ಕೂ ನಮಗೂ ಏನೋ ಸಂಬಂಧ’ ಅಂದ. ಯಾರೂ ಉತ್ತರ ಕೊಡಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಮತ್ತೆ ನನ್ನ ಗೆಳತಿ ಮಾರ್ಕೆಟ್‌ಗೆ ಹೋದ್ವಿ. ಅಕ್ಕ ಸೊಪ್ಪಿನ ಸಾಲಲ್ಲಿ ಗುಡಿಸ್ತಿದ್ರು. ಯಾರು ಅಂತ ಹೇಳಿದ ಮೇಲೆ ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದ್ರು.

‘ನೀನೇನವ್ವ ವಿಡಿಯೋ ತೆಗ್ದಿದ್ದು? ಚೆನ್ನಾಗಿ ಬಂದದೆ. ನನ್ ಮಗಳೇ ತೋರ್ಸಿದ್ಲು.’

ಬೈದಿದ್ರೆ ಪರವಾಗಿರಲಿಲ್ಲ. ಅವರು ಬೈಲಿಲ್ಲ. ‘ಅದು ನನ್ ಬೀಟೇ ಅಲ್ಲ ಕಣವ್ವ. ನಂದು ಮೇಲಿನ ರೋಡು. ಬೆಳಿಗ್ಗೆ ಐದಕ್ಕೆ ಪೊರಕೆ ಹಿಡಿದಿದ್ದೆ, ಹತ್ತು ಗಂಟೆಗೆ ನೆಳ್ಳು ಐತೆ ಅಂತ ಅಲ್ಲಿ ಕೂತಿದ್ದೆ. ಮೇಸ್ತ್ರಿ ಫೋನ್ ತೋರಿಸಿ, ನೀನಾಯಮ್ಮ ಇದು ಅಂದ. ನಾನೇ ಸಾರ್ ಅಂದೆ. ಇನ್ನೇನ್ ಹೇಳ್ಲಿ?’

ಮಾರ್ಕೆಟ್ ಬೀಟ್‌ಗೆ ಬರೋಕೆ ಮನೆ ಬಿಡಬೇಕಾಗಿರೋದು ಬೆಳಗಿನ ಜಾವ ಮೂರೂವರೆಗೆ. ಆ ಹೊತ್ತಲ್ಲಿ ಬಸ್ ಇಲ್ಲ. ನಡ್ಕೊಂಡು ಬರ್ತಾರೆ.

3/8
ಹಾಸ್ಟೆಲ್‌ಗೆ ವಾಪಸ್ ಬಂದು ಒರಿಜಿನಲ್ ಫೂಟೇಜ್ ತೆಗೆದೆ. ಎಡಿಟ್ ಮಾಡುವಾಗ ಹತ್ತಾರು ಸಲ ನೋಡಿದ್ದ ಕಸದ ಗುಡ್ಡೆಯನ್ನ ಮೊದಲನೇ ಸಲ ಏನೇನಿದೆ ಅಂತ ನೋಡಿದೆ. ಅಡಿಕೆ ಹಾಳೆ ತಟ್ಟೆ. ಪೇಪರ್ ಕಪ್ಪು. ನೀಲಿ ಬಣ್ಣದ ರಿಬ್ಬನ್ ತುಂಡು. ಮಡಚಿ ಬಿಸಾಕಿದ ಒಂದು ಫ್ಲೆಕ್ಸು, ಅದರಲ್ಲಿ ಅರ್ಧ ಅಕ್ಷರ ಕಾಣುತ್ತೆ. ಪೂರ್ತಿ ಓದೋ ಅವಶ್ಯಕತೆ ಇರಲಿಲ್ಲ, ಆ ಫ್ಲೆಕ್ಸ್ ಡಿಸೈನ್ ಮಾಡಿದ್ದು ನಮ್ಮ ಬೆಂಚಿನ ಹುಡುಗನೇ. ನಮ್ಮ ಡಿಪಾರ್ಟ್‌ಮೆಂಟ್ ಫೆಸ್ಟಿನದ್ದು. ರೀಲ್‌ಗೆ ನಾಲ್ಕು ದಿನ ಮುಂಚೆ ಆದ ಫೆಸ್ಟು, ಮುನ್ನೂರು ಜನದ ಊಟ. ಉಳಿದದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಡುಗೆ ಕಾಂಟ್ರಾಕ್ಟ್‌ನವರು ರಾತ್ರಿ ತಂದು ಆ ಮೂಲೆಗೆ ಸುರಿದಿದ್ದಾರೆ. ಸುತ್ತಲಿನ ಪಿಜಿಗಳವರೂ ಹಾಕಿದ್ದಾರೆ. ಆ ವಾರ ಆ ರೋಡಿನ ಆಟೋ ಟಿಪ್ಪರ್ ಕೆಟ್ಟು ನಿಂತಿತ್ತಂತೆ, ಬದಲಿ ಗಾಡಿ ಬಂದಿಲ್ಲ. ಇದೆಲ್ಲ ಟೀ ಅಂಗಡಿ ಅಣ್ಣನಿಗೆ ಗೊತ್ತಿತ್ತು. ನಾವು ಅಲ್ಲೇ ದಿನಾ ಎರಡು ಸಲ ಟೀ ಕುಡಿಯೋರು.

2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಅಂತ ಇದ್ದವು, ಆಮೇಲೆ ಹುಡುಕಿ ಓದಿದೆ. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರೋ ಕಾರ್ಯಕ್ರಮ ಮಾಡೋರು ಕನಿಷ್ಠ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಅಲ್ಲೇ ಬೇರ್ಪಡಿಸಿ ಕೊಡಬೇಕು ಅಂತ ಅದರಲ್ಲಿತ್ತು. ದಿನಕ್ಕೆ ಸರಾಸರಿ ನೂರು ಕೆಜಿಗಿಂತ ಹೆಚ್ಚು ಕಸ ಮಾಡೋ ಹಾಸ್ಟೆಲ್, ಹೋಟೆಲ್, ಕಾಲೇಜುಗಳ ಮೇಲೆ ಬೇರೆ ಜವಾಬ್ದಾರಿಗಳೇ ಇದ್ದವು. ನಾಗರಿಕ ಪತ್ರಿಕೋದ್ಯಮದ ಬಗ್ಗೆ ಮೂರು ಯೂನಿಟ್ ಓದಿದ್ದೀವಿ. ಇದು ಯಾವ ಯೂನಿಟ್‌ನಲ್ಲೂ ಇರಲಿಲ್ಲ. ಇದ್ದಿದ್ರೂ ಪರೀಕ್ಷೆಗೆ ಅಷ್ಟೇ ಓದ್ತಿದ್ವೇನೋ.

4/8
ಈಗ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರೋರು ಕೆಳಗೆ ಬರೀರಿ.

‘ಫೋಟೋ ಹಾಕಿದ್ರೆ ಕೆಲಸ ಆಗುತ್ತೆ’ ಅಂತ ನಾವೆಲ್ಲ ನಂಬಿದ್ದೀವಿ. ಆಗುತ್ತೆ, ನಿಜ. ಆದ್ರೆ ಯಾವ ಕೆಲಸ ಆಗುತ್ತೆ ಅಂದ್ರೆ, ಫ್ರೇಮ್ ಒಳಗೆ ಏನು ಕಾಣುತ್ತೋ ಅದರ ಕೆಲಸ. ಕಸ ಕಂಡ್ರೆ ಕಸ ಎತ್ತುತ್ತಾರೆ. ಮನುಷ್ಯರು ಕಂಡ್ರೆ ಮನುಷ್ಯರನ್ನ ಎತ್ತುತ್ತಾರೆ. ಫ್ರೇಮ್ ಆಚೆ ಇರೋರು, ಟೆಂಡರ್ ತಗೊಂಡೋರು, ಕೆಟ್ಟ ಗಾಡಿಗೆ ಬದಲಿ ಕೊಡದೇ ಇದ್ದೋರು, ರಾತ್ರಿ ಬಂದು ಸುರಿದೋರು, ಫೆಸ್ಟ್ ಮಾಡಿದ ನಾವು, ಎಲ್ಲರೂ ನೆಮ್ಮದಿಯಾಗಿ ಅದೇ ವಿಡಿಯೋಗೆ ಲೈಕ್ ಒತ್ತಬಹುದು. ಒತ್ತಿದ್ವಿ ಕೂಡ.

ನಮ್ಮ ರೀಲ್ ಆಫೀಸಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹೇಗೆ ಇಳಿದಿರಬಹುದು ಅಂತ ಯೋಚನೆ ಮಾಡಿ. ಮೇಲಿನವರು ಕೆಳಗಿನವರಿಗೆ ಕಳಿಸ್ತಾರೆ, ‘ಏನ್ರೀ ಇದು’ ಅಂತ. ಅವರು ಇನ್ನೂ ಕೆಳಗಿನವರಿಗೆ. ಪ್ರತಿ ಮೆಟ್ಟಿಲಲ್ಲೂ ಅದೇ ವಿಡಿಯೋ, ಜೊತೆಗೆ ಇನ್ನೊಂದು ಸಾಲು ಮಾಹಿತಿ ಇಲ್ಲ. ಕೊನೇ ಮೆಟ್ಟಿಲಲ್ಲಿ ಮೇಸ್ತ್ರಿ ನಿಂತಿದ್ದಾನೆ. ಅವನಿಗಿಂತ ಕೆಳಗೆ ಇರೋದು ಅಕ್ಕ ಒಬ್ಬರೇ, ಅವರಿಗೆ ಫಾರ್ವರ್ಡ್ ಮಾಡೋಕೆ ಯಾರೂ ಇಲ್ಲ. ನಾನು ಬರೆದ ‘ಕೆಲಸ ಮಾಡಬೇಕಾದವರು ಎಲ್ಲಿ?’ ಅನ್ನೋ ಪ್ರಶ್ನೆಗೆ ಉತ್ತರ ವಿಡಿಯೋದಲ್ಲೇ ಮುಖ ಸಮೇತ ಸಿಕ್ಕಿಬಿಡ್ತು.

‘ಹಾಗಾದ್ರೆ ಯಾರೂ ಏನೂ ಶೂಟ್ ಮಾಡಬಾರದಾ?’ ಅಂತ ನಮ್ಮ ಗುಂಪಲ್ಲೇ ಜಗಳ ಆಯ್ತು. ನಾನು ಹಾಗೆ ಹೇಳ್ತಿಲ್ಲ. ಮುಂದಿನ ಮೂರು ಪೋಸ್ಟ್‌ನಲ್ಲಿ ನಾಲ್ಕೈದು ಚಿತ್ರಗಳ ಬಗ್ಗೆ ಹೇಳ್ತೀನಿ, ನೋಡಿ ಆಮೇಲೆ ಹೇಳಿ.

5/8
ಬಾದಲ್ ನಂಜುಂಡಸ್ವಾಮಿ ಅವರನ್ನ ನೀವು ಫಾಲೋ ಮಾಡ್ತಿರಬಹುದು. ಮೈಸೂರಿನ ಕಲಾವಿದರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿಯೊಂದು ನೀರು ತುಂಬ್ಕೊಂಡು ಬಿದ್ದಿತ್ತು. ಅದರಲ್ಲಿ ಇವರು ನಿಜವಾದ ಅಳತೆಯ ಮೊಸಳೆಯೊಂದನ್ನ ಮಾಡಿ ಬಿಟ್ರು. ಫೋಟೋ ದೇಶವೆಲ್ಲ ಓಡಾಡ್ತು, ಪಾಲಿಕೆಯವರು ಬಂದು ಗುಂಡಿ ಮುಚ್ಚಿದ್ರು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2 ಇನ್ನೇನು ಇಳಿಯುತ್ತೆ ಅಂತ ಎಲ್ಲರೂ ಕಾಯ್ತಿರುವಾಗ ಹೇರೋಹಳ್ಳಿ ಹತ್ರದ ತುಂಗಾನಗರದ ರಸ್ತೆಯಲ್ಲಿ ಗಗನಯಾತ್ರಿ ವೇಷದ ನಟ ಪೂರ್ಣಚಂದ್ರ ಮೈಸೂರು ಅವರನ್ನ ನಿಧಾನಕ್ಕೆ ನಡೆಸಿದ್ರು. ಚಂದ್ರನ ಮೇಲೆ ನಡೀತಿದ್ದಾರೆ ಅಂತ ನೋಡ್ತಾ ಇದ್ದಾಗಲೇ ಪಕ್ಕದಲ್ಲಿ ಆಟೋ ಹಾದುಹೋಗುತ್ತೆ. ಎಷ್ಟು ಸಲ ನೋಡಿದ್ರೂ ಆ ಆಟೋ ಬಂದಾಗ ನಗು ಬರುತ್ತೆ. ವಿಡಿಯೋ ಹರಡಿದ ಕೂಡಲೇ ಆ ರಸ್ತೆ ರಿಪೇರಿ ಶುರುವಾಯ್ತು.

ನನಗೆ ಇದರಲ್ಲಿ ಇಷ್ಟ ಆಗೋದು ಏನು ಅಂದ್ರೆ, ಆ ಫ್ರೇಮ್‌ಗಳಲ್ಲಿ ಬೈಸಿಕೊಳ್ಳೋಕೆ ಬಡವರು ಯಾರೂ ಸಿಕ್ಕಲ್ಲ. ಗುಂಡಿ ಇದೆ, ಗೇಲಿ ಇದೆ. ಗೇಲಿ ನೇರ ರಸ್ತೆ ಮಾಡಿಸಿದವರಿಗೆ ಹೋಗುತ್ತೆ. ವೇಷ ಹಾಕ್ಕೊಂಡು ನಿಂತೋರು ಒಪ್ಪಿ ನಿಂತೋರು.

ಆದ್ರೂ ಒಂದು ಮಾತು. ಗಗನಯಾತ್ರಿ ನಡೆದ ರಸ್ತೆ ಸರಿ ಆಯ್ತು, ಅವನು ನಡೆಯದ ರಸ್ತೆಗಳು? ಬೆಂಗಳೂರಿನ ಯಾರನ್ನ ಬೇಕಾದ್ರೂ ಕೇಳಿ. ಅದು ಕಲಾವಿದರ ತಪ್ಪಲ್ಲ, ಒಬ್ಬ ಮನುಷ್ಯ ಎಷ್ಟು ಮೊಸಳೆ ಮಾಡಿಯಾರು? ವೈರಲ್ ಆದ ಗುಂಡಿಯನ್ನ ಮಾತ್ರ ಓಡಿ ಬಂದು ಮುಚ್ಚೋ ಅಭ್ಯಾಸ ಇದೆಯಲ್ಲ, ಅದಕ್ಕೆ ಖರ್ಚು ಕಡಿಮೆ. ಒಂದು ಲೋಡ್ ಜಲ್ಲಿ ಡಾಂಬರ್‌ನಲ್ಲಿ ಮರ್ಯಾದೆ ಉಳಿಯುತ್ತೆ.

6/8
ಇದಕ್ಕಿಂತ ದೊಡ್ಡ ಉದಾಹರಣೆ ಬೆಳ್ಳಂದೂರು ಕೆರೆ. ಸುಮಾರು 900 ಎಕರೆ. ಬೆಂಗಳೂರಿನ ಅತಿ ದೊಡ್ಡ ಕೆರೆ. 2015ರಲ್ಲಿ ಅದರ ನೊರೆ ಹಾರಿ ರಸ್ತೆಗೆ, ಸ್ಕೂಟರ್ ಮೇಲೆ, ಜನರ ಮುಖಕ್ಕೆ ಬೀಳೋ ಚಿತ್ರಗಳು ಲೋಕವೆಲ್ಲ ಸುತ್ತಿದವು. ಬಿಳೀ ನೊರೆ, ಹಿಂದೆ ಗಾಜಿನ ಕಟ್ಟಡಗಳು. ನಿಜ ಹೇಳ್ಬೇಕಂದ್ರೆ ನೋಡೋಕೆ ಚೆನ್ನಾಗಿತ್ತು, ಅದಕ್ಕೇ ಅಷ್ಟು ಓಡಿದ್ದು. ಅದೇ ವರ್ಷ ನೊರೆಗೆ ಬೆಂಕಿ ಹತ್ತಿಕೊಳ್ತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ, 2018ರ ಜನವರಿಯಲ್ಲಿ ಮತ್ತೆ, ಆರಿಸೋಕೆ ಸೈನಿಕರು ಬರಬೇಕಾಯ್ತು.

ಚಿತ್ರದಲ್ಲಿ ಕಂಡಿದ್ದು ನೊರೆ. ಮೊದಮೊದಲು ಸಿಕ್ಕ ಪರಿಹಾರ ಏನು ಗೊತ್ತಾ? ನೊರೆ ರಸ್ತೆಗೆ ಹಾರದಂತೆ ಪಕ್ಕದಲ್ಲಿ ಎತ್ತರಕ್ಕೆ ಬಲೆ ಕಟ್ಟಿದ್ರು. ನೊರೆ ಅಡಗಿಸೋಕೆ ನೀರು ಚಿಮ್ಮಿಸೋ ಸ್ಪ್ರಿಂಕ್ಲರ್ ಹಾಕಿದ್ರು. ನಮ್ಮ ಅಜ್ಜಿ ಹಾಲು ಉಕ್ಕಿದಾಗ ನೀರು ಚಿಮುಕಿಸ್ತಾರಲ್ಲ, ಹಾಗೆ, ಕೆಳಗಿನ ಒಲೆ ಆರಿಸದೆ. ಒಲೆ ಅಂದ್ರೆ ಇಲ್ಲಿ ನಗರದ ಒಂದು ದೊಡ್ಡ ಭಾಗದ ಮನೆಗಳಿಂದ, ಅಪಾರ್ಟ್‌ಮೆಂಟ್‌ಗಳಿಂದ ಶುದ್ಧೀಕರಣ ಆಗದೆ ಬಂದು ಸೇರೋ ಕೊಳಚೆ ನೀರು, ಅದರಲ್ಲಿರೋ ಡಿಟರ್ಜೆಂಟು. ಅದರ ಪೈಪು ನೆಲದ ಕೆಳಗಿದೆ, ಫೋಟೋಗೆ ಸಿಗಲ್ಲ. ನೊರೆಯ ಫೋಟೋ ಶೇರ್ ಮಾಡಿ ಬೈದವರ ಬಚ್ಚಲ ನೀರೂ ಅಲ್ಲಿಗೇ ಹೋಗ್ತಿತ್ತು.

ಹಾಗಂತ ಆ ಚಿತ್ರಗಳು ದಂಡ ಅಂತಲ್ಲ. 2017ರ ಬೆಂಕಿಯ ಸುದ್ದಿ ನೋಡಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿ ಕೇಸ್ ಎತ್ತಿಕೊಂಡಿತು. ಆಮೇಲಿನ ಕೆಲಸ ನಡೆದಿದ್ದು ಅಫಿಡವಿಟ್, ನೀರಿನ ಸ್ಯಾಂಪಲ್, ತಪಾಸಣಾ ವರದಿಗಳಲ್ಲಿ, ವರ್ಷಗಟ್ಟಲೆ. ಅವುಗಳ ರೀಲ್ ಯಾರಾದ್ರೂ ನೋಡಿದ್ದೀರಾ? ನಾನಂತೂ ನೋಡಿಲ್ಲ.

7/8
ಇಲ್ಲೀವರೆಗೆ ಹೇಳಿದ್ದು ಬೇರೆಯವರು ತೆಗೆದ ಚಿತ್ರ. ಕೆಲವು ಸಲ ಜನ ತಾವೇ ಚಿತ್ರ ಆಗ್ತಾರೆ.

2016ರ ಅಕ್ಟೋಬರ್ 16, ಭಾನುವಾರ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟೋ ಯೋಜನೆ, ಸುಮಾರು 1,791 ಕೋಟಿ, 812 ಮರಗಳಿಗೆ ಕೊಡಲಿ. ಅದು ಬೇಡ ಅಂತ ಸಾವಿರಾರು ಜನ ರಸ್ತೆ ಪಕ್ಕ ಕೈ ಕೈ ಹಿಡಿದು ನಿಂತ್ರು. ‘ಬೇಡ’ ಅನ್ನೋ ಒಂದು ಕನ್ನಡ ಪದ ಇಂಗ್ಲಿಷ್ ಮಾತಾಡೋರ ಬಾಯಲ್ಲೂ ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ರಾಜಕೀಯದ ಒತ್ತಡವೂ ಇತ್ತು, ಬರೀ ಫೋಟೋದಿಂದ ಆಗಿದ್ದಲ್ಲ. ಆದ್ರೆ ಅವರು ತಾವಾಗಿ ಕ್ಯಾಮೆರಾ ಎದುರು ನಿಂತಿದ್ದರು, ಏನು ಬೇಡ, ಯಾರಿಗೆ ಹೇಳ್ತಿದ್ದೀವಿ ಅನ್ನೋದು ಕೈಯಲ್ಲಿರೋ ಬೋರ್ಡ್ ಮೇಲೇ ಇತ್ತು. ಭಾನುವಾರ ಬೆಳಿಗ್ಗೆ ನಿಂತ್ರೆ ಸೋಮವಾರದ ಹಾಜರಿ ಹೋಗಲ್ಲ ಅನ್ನೋ ಧೈರ್ಯನೂ ಹೆಚ್ಚಿನವರಿಗೆ ಇತ್ತು ಅನ್ನಿ.

ಇನ್ನೊಂದು ಚಿತ್ರ. ಇದನ್ನ ನಾನು ಹುಡುಕಿ ನೋಡಿದೆ, ಇಲ್ಲಿ ಹಾಕಲ್ಲ. 2010ರ ಜುಲೈ, ಹಾವೇರಿ ಜಿಲ್ಲೆಯ ಸವಣೂರು. ತಲೆಮಾರುಗಳಿಂದ ಊರಿನ ಮಲ ಬಾಚಿದ ಕುಟುಂಬಗಳು. ಇದ್ದ ಜಾಗದಿಂದ ಎಬ್ಬಿಸ್ತೀವಿ ಅಂತ ಅವರಿಗೆ ಹೇಳಿದ್ರು. ಅವರು ಪುರಸಭೆ ಎದುರು ನಿಂತು ಮೈಮೇಲೆ ಮಲ ಸುರ್ಕೊಂಡ್ರು. ಮರುದಿನದ ಪತ್ರಿಕೆ, ಟಿವಿ ನೋಡಿ ಇಡೀ ರಾಜ್ಯ ತಲೆ ತಗ್ಗಿಸ್ತು, ಅಧಿಕಾರಿಗಳು ಓಡಿ ಬಂದ್ರು, ಮನೆ, ಕೆಲಸ ಅಂತ ಭರವಸೆಗಳು ಬಂದ್ವು. ಅದಕ್ಕಿಂತ ಮುಂಚೆ ಅವರ ಅರ್ಜಿಗಳೂ ಇದ್ದೇ ಇದ್ದವು. ಅರ್ಜಿ ಓದದವರು ಚಿತ್ರ ನೋಡಿದ್ರು. ಆ ಚಿತ್ರಕ್ಕೆ ಅವರು ಕೊಟ್ಟ ಬೆಲೆ ಯೋಚನೆ ಮಾಡಿದ್ರೆ ನಮ್ಮ ಕೊಳಲು ಮ್ಯೂಸಿಕ್ಕು, ಸ್ಲೋ ಮೋಷನ್ನು ನೆನಪಾಗಿ ಕಿವಿ ಬಿಸಿ ಆಗುತ್ತೆ.

2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತಿದ್ದು ನೆನಪಿದೆಯಾ? ಬೇರೆ ಊರುಗಳಲ್ಲೂ ಮುಷ್ಕರ ಆಯ್ತು. ಕೆಲಸ ಖಾಯಂ ಮಾಡಿ ಅನ್ನೋದು ಬೇಡಿಕೆ. ಆಗ ನಮ್ಮ ಫೀಡ್‌ನಲ್ಲಿ ಹೆಚ್ಚಾಗಿ ಬಂದಿದ್ದು ಗುಡಿಸದ ಬೀದಿಗಳ ಫೋಟೋ. ಕೂತಿದ್ದೋರ ಮುಖಕ್ಕಿಂತ ಕಸದ ಮುಖ ಜಾಸ್ತಿ ಕಂಡೆ ನಾನು. ಗುಡಿಸುವಾಗ ಕಾಣಲ್ಲ, ಕೂತಾಗ ಮಾತ್ರ ಕಾಣ್ತಾರೆ. ನಮ್ಮ 23ನೇ ಸೆಕೆಂಡೂ ಅದೇ ತಾನೇ.

8/8
ರೀಲ್ ಡಿಲೀಟ್ ಮಾಡೋಣ ಅಂತ ಮೊದಲು ಅನ್ಕೊಂಡ್ವಿ. ಅಕ್ಕನನ್ನೇ ಕೇಳಿದ್ವಿ. ‘ತೆಗ್ದ್ರೆ ನನ್ ಎರಡು ದಿನ ಬತ್ತದಾ?’ ಅಂದ್ರು. ಆಮೇಲೆ ಅವರೇ, ‘ನನ್ ಮೊಕ ಇರೋದ್ ತೆಗೀರಿ. ಕಸ ಇರ್ಲಿ’ ಅಂದ್ರು. ಆ ಮೂರು ಸೆಕೆಂಡ್ ಕತ್ತರಿಸಿ ಮತ್ತೆ ಹಾಕಿದ್ವಿ. ಮೊದಲನೇದು ಬೇರೆ ಪೇಜ್‌ಗಳಲ್ಲಿ ಇನ್ನೂ ಓಡ್ತಾ ಇದೆ, ಅದನ್ನ ತೆಗೆಸೋಕೆ ನಮ್ಮ ಕೈಲಿ ಆಗಿಲ್ಲ. ಇಬ್ಬರು ಅಡ್ಮಿನ್‌ಗಳಿಗೆ ಮೆಸೇಜ್ ಮಾಡಿದ್ದೀವಿ. ಒಬ್ಬರು ಸೀನ್ ಮಾಡಿ ಸುಮ್ಮನಾದ್ರು. ನಿಮ್ಮಲ್ಲಿ ಯಾರಾದ್ರೂ ಸ್ಟೋರಿ ಹೈಲೈಟ್‌ನಲ್ಲಿ ಇಟ್ಕೊಂಡಿದ್ರೆ ದಯವಿಟ್ಟು ತೆಗೀರಿ.

ಒಂದು ಕಾಗದ ಬರೆದ್ವಿ. ಆ ದಿನ ಆ ಜಾಗ ಅವರ ಬೀಟ್ ಆಗಿರಲಿಲ್ಲ, ಅವರು ತಮ್ಮ ಕೆಲಸ ಮುಗಿಸಿ ಊಟಕ್ಕೆ ಕೂತಿದ್ದರು, ವಿಡಿಯೋದಲ್ಲಿರೋ ಸಾಲು ನಮ್ಮ ತಪ್ಪು, ಕಸದಲ್ಲಿ ನಮ್ಮ ಫೆಸ್ಟಿನದ್ದೂ ಇತ್ತು. ಐದು ಜನ ರೋಲ್ ನಂಬರ್ ಸಮೇತ ಸೈನ್ ಹಾಕಿದ್ವಿ. ಒಬ್ಬ ಹಾಕಲ್ಲ ಅಂದ, ಪ್ಲೇಸ್‌ಮೆಂಟ್‌ಗೆ ತೊಂದರೆ ಆಗುತ್ತೆ ಅಂತ. ಎರಡು ದಿನ ಬಿಟ್ಟು ಅವನೇ ಬಂದು ಹಾಕಿದ. ಫೆಸ್ಟಿನ ಮಾತು ಕಾಗದದಲ್ಲಿ ಬೇಡ ಅಂತ ಕಾಲೇಜಿನವರು ಹೇಳಿ ನೋಡಿದ್ರು. ಇಟ್ಟಿದ್ದೀವಿ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ. ನಮ್ಮ ವಾರ್ಡಿಗೆ ಎಷ್ಟು ಟಿಪ್ಪರ್, ಎಷ್ಟು ಓಡುತ್ತಿವೆ, ಕೆಟ್ಟರೆ ಎಷ್ಟು ದಿನದಲ್ಲಿ ಬದಲಿ ಕೊಡಬೇಕು ಅಂತ ಗುತ್ತಿಗೆ ಒಪ್ಪಂದದಲ್ಲಿದೆ, ಆ ವಾರ ಎಷ್ಟು ದಿನ ಕೊಡಲಿಲ್ಲ. ಹತ್ತು ರೂಪಾಯಿ ಶುಲ್ಕ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಇವತ್ತಿಗೆ ಹದಿನೇಳನೇ ದಿನ.

ಅಕ್ಕ ಇನ್ನೂ ಮಾರ್ಕೆಟ್ ಬೀಟ್‌ನಲ್ಲೇ ಇದ್ದಾರೆ. ಎರಡು ದಿನದ ಸಂಬಳ ಬಂದಿಲ್ಲ. ನಾವು ಚಂದಾ ಎತ್ತಿ ಕೊಡೋಕೆ ಹೋದ್ವಿ, ತಗೊಳ್ಳಲಿಲ್ಲ. ‘ನೀವ್ ಕೊಟ್ರೆ ನಾನು ಕೆಲ್ಸಕ್ಕೆ ಬಂದಿಲ್ಲ ಅಂತ ನಾನೇ ಒಪ್ಕೊಂಡಂಗೆ ಆಯ್ತದೆ’ ಅಂದ್ರು.

ಈ ಪೋಸ್ಟ್‌ನ ಕೊನೇ ಫೋಟೋ ಆ ಕಾಗದದ್ದು. ಬಲಗಡೆ ಮೂಲೆಯಲ್ಲಿ ನೀಲಿ ಶಾಯಿಯ ಸ್ವೀಕೃತಿ ಮುದ್ರೆ ಇದೆ, ತಾರೀಖು ಸ್ವಲ್ಪ ಅಳಿಸಿಹೋಗಿದೆ, ಜೂಮ್ ಮಾಡಿದ್ರೆ ಕಾಣುತ್ತೆ. ಸ್ಟೋರಿಯಲ್ಲಿ ಹಾಕಿದಾಗ 31 ಜನ ನೋಡಿದ್ರು. ಸೋಮವಾರ ಹನ್ನೊಂದು ಗಂಟೆಗೆ ಮತ್ತೆ ಆಫೀಸಿಗೆ ಹೋಗ್ತಿದ್ದೀವಿ, ಅಕ್ಕನ ಹಾಜರಿ ವಿಷಯ ಕೇಳೋಕೆ. ಎರಡನೇ ಪಿರಿಯಡ್ ತಪ್ಪುತ್ತೆ. ಬರೋರು ಹತ್ತೂವರೆಗೆ ಟೀ ಅಂಗಡಿ ಹತ್ರ ಸಿಗಿ. ಫೋನ್ ಜೇಬಲ್ಲೇ ಇರಲಿ.

#ಕಸದಕತೆ #ಪೌರಕಾರ್ಮಿಕರು #ಇಪ್ಪತ್ತಮೂರನೇಸೆಕೆಂಡು